ಕರೆಂಟ್ ಹೋದಾಗ ಓದಿದ ಕಾದಂಬರಿ

ಕರೆಂಟ್ ಹೋದರೂ ಮಗ್ಗ ತಕ್ಷಣ ನಿಲ್ಲುವುದಿಲ್ಲ. ಮೋಟಾರು ಸತ್ತ ಮೇಲೂ ಚಕ್ರ ಎರಡು ಮೂರು ಸುತ್ತು ತಿರುಗುತ್ತದೆ, ಲಾಳಿ ಒಂದೆರಡು ಸಲ ಆಚೆಗೆ ಈಚೆಗೆ ಓಡಿ ನಡುದಾರಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಟಕಟಕ, ಟಕ, ಟಕ್. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ನನ್ನ ಮನೆಯ ಎಡಕ್ಕೂ ಬಲಕ್ಕೂ ಹಿಂದಕ್ಕೂ ಮಗ್ಗದ ಶೆಡ್ಡುಗಳು. ಅವೆಲ್ಲ ಹಾಗೆ ತಡವರಿಸುತ್ತಾ ನಿಲ್ಲುತ್ತಿದ್ದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅದಾದ ಮೇಲೆ ಅಲ್ಲಿಯವರೆಗೂ ಇದ್ದೇ ಇದ್ದ, ಆದರೆ ಕೇಳಿಸದಿದ್ದ ಸದ್ದುಗಳು ಬರುತ್ತಿದ್ದವು. ಯಾರದೋ ಮನೆಯ ನಲ್ಲಿ, ಯಾರದೋ ಮಗು. ಅದರ ಬೆನ್ನಿಗೇ ನನ್ನ ಗೇಟಿನ ಚಿಲಕ.

ಚಿಲಕ ತೆಗೆದು ಬರುತ್ತಿದ್ದವರು ಸೀರೆಗೆ ಕುಚ್ಚು ಕಟ್ಟುವ ಹೆಂಗಸರು. ಮಗ್ಗದಿಂದ ಇಳಿದ ರೇಷ್ಮೆ ಸೀರೆಯ ಸೆರಗಿನ ಕೊನೆಯಲ್ಲಿ ಬಿಡಿ ಎಳೆಗಳು ಜೋತಾಡುತ್ತಿರುತ್ತವಲ್ಲ, ಅವನ್ನು ಸಮವಾಗಿ ಪಾಲು ಮಾಡಿ, ಹೊಸೆದು, ಗಂಟು ಹಾಕುವ ಕೆಲಸ. ಅದಕ್ಕೆ ಕರೆಂಟ್ ಬೇಡ, ಬೆಳಕು ಬೇಕು. ನನ್ನ ಮುಂದಿನ ಜಗುಲಿಯಲ್ಲಿ ಮಧ್ಯಾಹ್ನ ಒಳ್ಳೆಯ ಬೆಳಕಿರುತ್ತಿತ್ತು. ನೂಲಿಗೆ ಬಣ್ಣ ಕಟ್ಟಿಸುವ ವ್ಯವಹಾರ ಮಾಡುತ್ತಿದ್ದ ನನ್ನ ಯಜಮಾನರು ತೀರಿಕೊಂಡ ಮೇಲೆ ಆ ಜಗುಲಿ ಖಾಲಿ ಬಿದ್ದಿತ್ತು. ಒಬ್ಬಳು ಬಂದು ಕೂತಳು, ಆಮೇಲೆ ನಾಲ್ವರು, ಆಮೇಲೆ ಹತ್ತು ಹನ್ನೊಂದು ಜನ.

ಓದು ಹೇಗೆ ಶುರುವಾಯಿತೆಂದರೆ, ಒಂದು ದಿನ ನಾನು ಕಾದಂಬರಿ ಹಿಡಿದು ಕೂತಿದ್ದೆ. ಕರೆಂಟ್ ಹೋಯಿತು. ಒಬ್ಬಾಕೆ, ಅದರಲ್ಲಿ ಏನಿದೆ, ನಮಗೂ ಹೇಳಿ ಎಂದಳು. ಹೇಳುವುದರ ಬದಲು ಓದಿದೆ. ನಾನು ಶಾಲೆ ಕಲಿತದ್ದು ಬೆಂಗಳೂರಿನ ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ. ಗಟ್ಟಿಯಾಗಿ ಓದುವುದನ್ನು ಕಲಿಸುವ ಎಲೊಕ್ಯೂಶನ್ ಕ್ಲಾಸಿನಲ್ಲಿ ಕಾಮಾ ಬಂದರೆ ಅರ್ಧ ಉಸಿರು, ಫುಲ್‌ಸ್ಟಾಪ್ ಬಂದರೆ ಪೂರ್ತಿ ಉಸಿರು ಎಂದು ಹೇಳಿಕೊಟ್ಟಿದ್ದರು. ಕನ್ನಡ ಕಾದಂಬರಿಗಳನ್ನು ಹಿಡಿದದ್ದು ಮದುವೆಯಾಗಿ ಈ ಊರಿಗೆ ಬಂದ ಮೇಲೆ. ಆದರೆ ಆ ಉಸಿರಿನ ಲೆಕ್ಕ ಯಾವ ಭಾಷೆಗಾದರೂ ನಡೆಯುತ್ತದೆ.

ಆಗೆಲ್ಲ ದಿನಾ ಎರಡು ಗಂಟೆ ಲೋಡ್ ಶೆಡ್ಡಿಂಗ್. ಕರೆಂಟ್ ಬಂದ ಕ್ಷಣ ವಾಕ್ಯ ಎಲ್ಲಿದ್ದರೆ ಅಲ್ಲಿಗೇ ಓದು ನಿಲ್ಲುತ್ತಿತ್ತು, ಏಕೆಂದರೆ ಮಗ್ಗ ಹೊರಟರೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಕತೆಯ ನಾಯಕಿ ಬಾಗಿಲು ತೆಗೆಯಲು ಕೈ ಚಾಚಿದ್ದರೆ ಮಾರನೆಯ ದಿನದವರೆಗೂ ಹಾಗೇ ಕೈ ಚಾಚಿಕೊಂಡು ನಿಂತಿರಬೇಕಿತ್ತು. ಈ ಹೆಂಗಸರು ಅಷ್ಟರಲ್ಲಿ ಅವಳ ಬಗ್ಗೆ ಮಗ್ಗದ ಸದ್ದಿನ ಮೇಲೆ ಕೂಗಿ ಕೂಗಿ ಜಗಳವಾಡುತ್ತಿದ್ದರು, ಅವಳು ಪಕ್ಕದ ಬೀದಿಯಲ್ಲೇ ಇರುವವಳ ಹಾಗೆ.

ನಾನು ಹೇಳಬೇಕಾದ ಕಾದಂಬರಿ ಒಬ್ಬ ಲೇಖಕಿಯದು. ರಟ್ಟು ಹರಿದಿತ್ತು, ಸೆಕೆಂಡ್ ಹ್ಯಾಂಡ್. ಕತೆ ಸರಳ. ಒಬ್ಬ ಹೆಂಗಸು ಗಂಡನ ಮನೆಯಿಂದ ಒಂದು ಟ್ರಂಕು ಹಿಡಿದು ಹೊರಟು, ಸಣ್ಣ ಊರಿನಲ್ಲಿ ಸೈಕಲ್ ಅಂಗಡಿಯ ಮೇಲಿನ ಕೋಣೆಯೊಂದನ್ನು ಹಿಡಿದು, ಹೊಲಿಗೆ ಹೇಳಿಕೊಟ್ಟು ಬದುಕುತ್ತಾಳೆ. ಗಂಡ ಹೊಡೆಯುವವನಲ್ಲ, ಕುಡಿಯುವವನಲ್ಲ. ಎಲ್ಲವನ್ನೂ ಅವನೇ ನಿರ್ಧರಿಸುವವನು, ಅಷ್ಟೆ. ಜಗುಲಿಯವರಿಗೆ ಇದೇ ದೊಡ್ಡ ತಲೆನೋವಾಯಿತು. ಹೊಡೆದಿದ್ದರೆ ತೀರ್ಪು ಸುಲಭವಿತ್ತು. ಹೊರಡುವ ದಿನ ಅಡುಗೆ ಮಾಡಿಟ್ಟು ಹೊರಟಳೋ ಇಲ್ಲವೋ ಎಂಬುದನ್ನೇ ಎರಡು ದಿನ ಚರ್ಚಿಸಿದರು. ಲೇಖಕಿ ಬರೆದಿಲ್ಲ ಎಂದೆ. ಬರೆಯದಿದ್ದರೆ ಮಾಡಿಲ್ಲ ಎಂದೇ ಅರ್ಥ ಎಂದರು. ಒಬ್ಬಾಕೆ ಮಾತ್ರ, "ಆ ಗಂಡನ್ನ ಒಂದು ವಾರ ನಮ್ಮ ಬೀದಿಗೆ ಕಳ್ಸಿ ಅಮ್ಮಾ, ಎರಡು ಶಿಫ್ಟು ಮಗ್ಗದ ಮುಂದೆ ನಿಲ್ಲಿಸ್ತೀವಿ, ಆಮೇಲೆ ಏನು ಡಿಸೈಡ್ ಮಾಡ್ತಾನೋ ನೋಡೋಣ" ಎಂದು ಎಲ್ಲರನ್ನೂ ನಗಿಸಿದಳು.

ನಗದೆ ಕೂತವಳು ಮೂಲೆಮನೆಯ ಹುಡುಗಿ. ಹುಡುಗಿ ಎನ್ನುತ್ತೇನೆ, ಅವಳಿಗೆ ಆಗಲೇ ಮೂವತ್ತು, ಮೂರನೇ ಕ್ಲಾಸಿಗೆ ಹೋಗುವ ಮಗಳಿದ್ದಳು. ನಂದಗುಡಿ ಕಡೆಯ ರೈತರ ಮನೆಯಿಂದ ಬಂದವಳು. ಶಾಲೆ ನಾಲ್ಕನೇ ಕ್ಲಾಸಿಗೆ ನಿಂತಿತ್ತು. ಬಸ್ಸಿನ ಬೋರ್ಡು ಓದುತ್ತಿದ್ದಳು, ಪುಸ್ತಕವನ್ನಲ್ಲ. ಒಂದು ವರ್ಷ ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ ಫ್ಯಾಕ್ಟರಿಯೊಂದರಲ್ಲಿ ಹೊಲಿದ ಬಟ್ಟೆ ನೋಡುವ ಚೆಕಿಂಗ್ ಕೆಲಸ ಮಾಡಿದ್ದಳು. ಅದು ಬಿಟ್ಟುಹೋದ ರೀತಿ ಬೀದಿಗೆಲ್ಲ ಗೊತ್ತು. ಟೀ ಅಂಗಡಿಯಲ್ಲಿ ಯಾರೋ ಅವಳ ಗಂಡನಿಗೆ, ನಿನ್ನ ಹೆಂಡತಿ ಕಂಪನಿ ಬಸ್ಸಿಂದ ಇಳಿಯುವುದನ್ನು ನೋಡಿದೆವು, ನಗುತ್ತಾ ಇಳಿದಳು ಎಂದರಂತೆ. ಅಪರಾಧ ಅಷ್ಟೇ, ನಗುತ್ತಾ ಇಳಿದದ್ದು. ಅವನು ಮಾರನೆಯ ದಿನ ಶಿಫ್ಟ್ ಬಿಡುವ ಹೊತ್ತಿಗೆ ಫ್ಯಾಕ್ಟರಿ ಗೇಟಿಗೆ ಹೋಗಿ, ಎಲ್ಲರೆದುರು ಅವಳ ಕೊರಳಿಂದ ಐಡಿ ಕಾರ್ಡು ಕಿತ್ತುಕೊಂಡು ಮನೆಗೆ ಕರೆತಂದ. ಅಂದಿನಿಂದ ಅವಳಿಗೆ ಕುಚ್ಚು.

ಒಂದು ಮಧ್ಯಾಹ್ನ ಎಲ್ಲರೂ ಎದ್ದು ಹೋದ ಮೇಲೆ ಅವಳು ಉಳಿದಳು. ಮಗ್ಗಗಳು ಹೊರಟಿದ್ದವು. ನನ್ನ ಕಿವಿಗೆ ಬಾಯಿಟ್ಟು ವಿಷಯ ಹೇಳಿದಳು. ಫ್ಯಾಕ್ಟರಿಯ ಗೆಳತಿಯೊಬ್ಬಳು ಬಾಶೆಟ್ಟಿಹಳ್ಳಿಯಲ್ಲಿ ರೂಮು ಮಾಡಿದ್ದಾಳೆ. ಇವಳಿಗೂ ಇವಳ ಮಗಳಿಗೂ ಜಾಗ ಇಟ್ಟಿದ್ದಾಳೆ. ಸೂಪರ್‌ವೈಸರ್ ವಾಪಸ್ ತೆಗೆದುಕೊಳ್ಳಲು ಒಪ್ಪಿದ್ದಾನೆ. ತಿಂಗಳು ಮುಗಿಯುವುದರೊಳಗೆ ಹೇಳಬೇಕು. ತವರಿನವರನ್ನು ಕೇಳಿದರೆ ಹೊಂದಿಕೊಂಡು ಹೋಗು ಎನ್ನುತ್ತಾರೆ. ನಾನು, ನಿನ್ನ ಮನಸ್ಸಿನಲ್ಲೇನಿದೆ ಎಂದು ಕೇಳಿದೆ.

"ಈ ಕತೆ ಮುಗೀಲಿ ಅಮ್ಮಾ, ಆಮೇಲೆ ನೋಡ್ತೀನಿ" ಎಂದಳು.

ಕತೆ ಹೇಗೆ ಮುಗಿಯುತ್ತದೆಂದು ನನಗೆ ಗೊತ್ತಿತ್ತು. ನಾನು ಅದನ್ನು ಎರಡು ಸಲ ಓದಿದ್ದೆ. ಒಂದು ಸಂಜೆ ಗಂಡ ಆ ಕೋಣೆಯ ಮೆಟ್ಟಿಲು ಹತ್ತಿ ಬರುತ್ತಾನೆ. ಅವಳು ಕಾಫಿ ಮಾಡಿ ಕೊಡುತ್ತಾಳೆ. ಅವನು, ಸಾಕು, ಹೊರಡು ಎನ್ನುತ್ತಾನೆ. ಅವಳು ಲೋಟ ತೊಳೆದಿಟ್ಟು, ನೀವು ಹೊರಡಿ, ಕತ್ತಲಾಗುತ್ತೆ ಎನ್ನುತ್ತಾಳೆ. ಆಮೇಲೆ ಎರಡು ಹಾಳೆ ಅವಳೊಬ್ಬಳೇ ಕೋಣೆಯಲ್ಲಿ. ಹೆದರಿಕೆಯೂ ಇದೆ, ನಿದ್ದೆಯೂ ಬರುತ್ತದೆ. ಮುಗಿಯಿತು.

ಕೊನೆಯ ಅಧ್ಯಾಯ ಓದಬೇಕಾದ ದಿನ ಬೆಳಿಗ್ಗೆ ದೊಡ್ಡಕ್ಕ ನನ್ನ ಮನೆಗೆ ಬಂದರು. ಬೀದಿಯವರೆಲ್ಲ ಹಾಗೇ ಕರೆಯುತ್ತಿದ್ದದ್ದು. ಸೀರೆ ಅಂಗಡಿಗಳಿಂದ ಬಂಡಲ್ ತಂದು ಈ ಹೆಂಗಸರಿಗೆಲ್ಲ ಕುಚ್ಚಿನ ಕೆಲಸ ಹಂಚುತ್ತಿದ್ದವರು ಅವರು. ಮೂಲೆಮನೆಯವಳ ಗಂಡನಿಗೆ ಸೋದರತ್ತೆ ಬೇರೆ. ಅವರೂ ಜಗುಲಿಯಲ್ಲಿ ಕೂತು ಕತೆ ಕೇಳುತ್ತಿದ್ದರು, ಎಲೆ ಅಡಿಕೆ ಹಾಕಿಕೊಂಡು, ಒಂದು ಮಾತೂ ಆಡದೆ. ಅಂದು ಆಡಿದರು. ನಿಮಗೇನಮ್ಮ, ಸ್ವಂತ ಮನೆ, ಕೇಳುವವರಿಲ್ಲ, ಕಾನ್ವೆಂಟಿನಲ್ಲಿ ಓದಿದವರು. ಈ ಹುಡುಗಿಯರು ಸಂಜೆ ಗಂಡನ ಮುಖ ನೋಡಬೇಕು. ಆ ಟ್ರಂಕಿನವಳು ಕೊನೆಗೆ ಏನು ಮಾಡುತ್ತಾಳೋ ನೋಡಿಕೊಂಡು ಈ ಜಗುಲಿಗೆ ಬಂಡಲ್ ಕಳಿಸಬೇಕೋ ಬೇಡವೋ ಯೋಚಿಸುತ್ತೇನೆ, ಎಂಬಂತೆ. ಅದು ಬೆದರಿಕೆಯೇ. ಬೆದರಿಕೆಯನ್ನು ನಾನು ತಡೆದುಕೊಳ್ಳುತ್ತಿದ್ದೆನೇನೋ. ಆದರೆ ಹೊಸಿಲು ದಾಟುವಾಗ ಅವರು ತಿರುಗಿ ಮೆಲ್ಲಗೆ ಹೇಳಿದರು: "ನೀವೂ ನಮ್ಮ ಬೀದಿಯೋರೇ ಅಂತ ಅಂದ್ಕೊಂಡಿದೀವಿ ಕಣಮ್ಮ."

ಆ ಬೀದಿಗೆ ಬಂದು ಮೂವತ್ತು ವರ್ಷಕ್ಕೂ ಮಿಕ್ಕಾಗಿತ್ತು. ನಾನು ಯಾವತ್ತೂ ಕಾನ್ವೆಂಟಮ್ಮ. ನನ್ನ ಕನ್ನಡವನ್ನು ಮೊದಮೊದಲು ಆಡಿಕೊಂಡವರು, ಸ್ಲೀವ್‌ಲೆಸ್ ಹಾಕುತ್ತಾಳೆಂದು ಅತ್ತೆಯವರಿಗೆ ಚಾಡಿ ಹೇಳಿದವರು ಅಲ್ಲೇ ಇದ್ದರು. ನಮ್ಮ ಬೀದಿಯವರು ಎಂದು ಯಾರೂ ಅಂದಿರಲಿಲ್ಲ. ಆ ಮಾತಿಗೆ ನಾನು ಕರಗಿಬಿಟ್ಟೆ. ಬೇರೆ ಸಬೂಬು ಹೇಳುವುದಿಲ್ಲ.

ಕಾನ್ವೆಂಟಿನ ಲೈಬ್ರರಿಯಲ್ಲಿ ಒಬ್ಬ ಸಿಸ್ಟರ್ ಇದ್ದರು. ಹೊಸ ಪುಸ್ತಕ ಬಂದರೆ ಬ್ಲೇಡ್ ಹಿಡಿದು ಕೂತು, ಹೆಣ್ಣುಮಕ್ಕಳು ಓದಬಾರದೆಂದು ತಮಗೆ ತೋಚಿದ ಹಾಳೆಗಳನ್ನು ನೀಟಾಗಿ ಕತ್ತರಿಸುತ್ತಿದ್ದರು. ನಾವೆಲ್ಲ ಅವರನ್ನು ದ್ವೇಷಿಸುತ್ತಿದ್ದೆವು. ದೊಡ್ಡಕ್ಕ ಬಂದುಹೋದ ಆ ಮಧ್ಯಾಹ್ನ ನನ್ನ ಕೈಯಲ್ಲಿ ಬ್ಲೇಡಿರಲಿಲ್ಲ, ಅಷ್ಟೆ.

ಕರೆಂಟ್ ಹೋಯಿತು. ಹನ್ನೊಂದು ಜನವೂ ಬಂದರು. ದೊಡ್ಡಕ್ಕ ಗೋಡೆಗೆ ಒರಗಿ ಕೂತರು. ನಾನು ಓದಿದೆ. ಗಂಡ ಮೆಟ್ಟಿಲು ಹತ್ತಿದ, ಕಾಫಿ ಕುಡಿದ, ಹೊರಡು ಎಂದ. ಅವಳು ಲೋಟ ತೊಳೆದಿಟ್ಟಳು. ಅಲ್ಲಿಗೆ ಬಂದಾಗ ನಾನು ಅರ್ಧ ಉಸಿರು ತೆಗೆದುಕೊಂಡು, ಅದೇ ದನಿಯಲ್ಲಿ, ಅವಳು ಕೋಣೆಗೆ ಬೀಗ ಹಾಕಿ ಕೀಲಿಯನ್ನು ಸೈಕಲ್ ಅಂಗಡಿಯವನ ಕೈಗಿತ್ತು ಗಂಡನ ಹಿಂದೆ ಮೆಟ್ಟಿಲಿಳಿದಳು ಎಂದೆ. ಪುಸ್ತಕ ಮುಚ್ಚಿದೆ.

ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು. ಒಳ್ಳೆಯದಾಯಿತು ಎಂದವರೇ ಹೆಚ್ಚು. ಇಷ್ಟಕ್ಕೆ ಇಷ್ಟು ದಿನ ಓಡಿಹೋಗಬೇಕಿತ್ತಾ ಎಂದು ಒಬ್ಬಳು. ದೊಡ್ಡಕ್ಕ ಎದ್ದು ಹೋಗುತ್ತಾ ನನ್ನ ಭುಜ ಮುಟ್ಟಿದರು. ಮೂಲೆಮನೆಯವಳು ತನ್ನ ತೊಡೆಯ ಮೇಲಿದ್ದ ಸೀರೆಯ ಕೊನೆಯ ಗಂಟು ಹಾಕಿ, ಎಳೆ ಕತ್ತರಿಸಿ, ಮಡಿಸಿ, ಬರ್ತೀನಿ ಎಂದು ಹೋದಳು.

ಒಂದು ವಾರದ ಮೇಲೆ ಗೊತ್ತಾಯಿತು, ಆ ರೂಮಿನ ಜಾಗವನ್ನು ಬೇರೆಯವರಿಗೆ ಕೊಡು ಎಂದು ಅವಳು ಗೆಳತಿಗೆ ಹೇಳಿ ಕಳಿಸಿದ್ದಳು.

ನಾನು ಸುಮ್ಮನಿದ್ದೆ. ಒಂದು ದಿನ ಎರಡು ದಿನವಲ್ಲ, ನಾಲ್ಕು ತಿಂಗಳು. ಆ ನಾಲ್ಕು ತಿಂಗಳಲ್ಲಿ ಬೇರೊಂದು ಕಾದಂಬರಿ ಓದಿದೆ, ಯಾರ ಮನೆಯೂ ಒಡೆಯದಂಥದ್ದು. ದೊಡ್ಡಕ್ಕನ ಮನೆಯ ನಾಮಕರಣಕ್ಕೆ ಮೊದಲ ಪಂಕ್ತಿಯಲ್ಲಿ ನನ್ನನ್ನು ಕೂರಿಸಿದರು. ಪಾಯಸ ಬಡಿಸಿದವಳು ಮೂಲೆಮನೆಯವಳು. ಇನ್ನೊಂದು ಸೌಟು ಹಾಕಲಾ ಎಂದಳು. ನನಗೆ ತಲೆ ಎತ್ತಲಾಗಲಿಲ್ಲ. ಮನೆಗೆ ಬಂದು ಆ ಪುಸ್ತಕವನ್ನು ಬೀರುವಿನಿಂದ ತೆಗೆದೆ, ಮತ್ತೆ ಒಳಗಿಟ್ಟೆ.

ಕೊನೆಗೆ ಹೇಳಿದ್ದು ಒಂದು ಮದುವೆಯ ದಿನ. ಜಗುಲಿಯವರೆಲ್ಲ ಛತ್ರಕ್ಕೆ ಹೋಗಿದ್ದರು. ಅವಳ ಮಗಳಿಗೆ ಜ್ವರ, ಅದಕ್ಕೇ ಅವಳು ಹೋಗಿರಲಿಲ್ಲ. ಮಗು ಮಲಗಿದ ಹೊತ್ತು ನೋಡಿ ಅರ್ಧ ಗಂಟೆಗೆಂದು ಸೀರೆ ಹಿಡಿದು ಬಂದಿದ್ದಳು. ನಾನು ಕನ್ಫೆಶನ್ ಎಂಬ ಪದವನ್ನು ಇಂಗ್ಲಿಷಿನಲ್ಲೇ ಕಲಿತವಳು, ಆದರೆ ಅಂದು ಕನ್ನಡದಲ್ಲೇ ಹೇಳಿದೆ. ಆ ಟ್ರಂಕಿನವಳು ವಾಪಸ್ ಹೋಗಲಿಲ್ಲ, ನಾನು ಬದಲಾಯಿಸಿ ಓದಿದೆ, ಎಂದು.

ಅವಳು ಎಳೆ ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಅಮ್ಮಾ" ಎಂದಳು. "ಇನ್ನೂ ಎರಡು ಹಾಳೆ ಇತ್ತು. ನೀವು ತಿರುಗಿಸದೇನೇ ಮುಚ್ಚಿದ್ರಿ. ಓದಕ್ಕೆ ಬರ್ದೇ ಇದ್ರೂ ಹಾಳೆ ಕಾಣ್ಸುತ್ತಲ್ಲ."

ಹಾಗಿದ್ದರೆ ಯಾಕೆ ಹೋಗಲಿಲ್ಲ ಎಂದು ಕೇಳಿದೆ. ಕೇಳುವ ಹಕ್ಕು ನನಗಿರಲಿಲ್ಲ, ಆದರೂ.

"ಅವಳೇನು ಮಾಡಿದ್ಲೋ ಅದು ಅವಳಿಗಾಯ್ತು. ನಾನು ನೋಡಿದ್ದು ನಿಮ್ಮನ್ನ. ಸ್ವಂತ ಮನೆ ಐತೆ, ಇಂಗ್ಲಿಷ್ ಬರುತ್ತೆ, ಗಂಡ ಇಲ್ಲ, ಕೇಳೋರಿಲ್ಲ. ಆವತ್ತು ಬೆಳಿಗ್ಗೆ ದೊಡ್ಡಕ್ಕ ನಿಮ್ಮನೆಗೆ ಬಂದಿದ್ದು ನೋಡಿದ್ದೆ. ನೀವೇ ಅವ್ರಿಗೆ ಹೆದರಿದ್ರಲ್ಲ. ನಿಮ್ಮಂಥೋರೇ ಹೆದರಿದ್ರೆ ನಂದೇನು ಅಂತ ಅನ್ನಿಸ್ಬಿಡ್ತು."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ಎರಡು ಹಾಳೆಯನ್ನು ಈಗಲೇ ಓದಿಬಿಡುತ್ತೇನೆ ಎಂದು ಎದ್ದೆ. ಅವಳು ಕೈ ಅಡ್ಡ ಹಿಡಿದಳು.

"ನಂಗೊಬ್ಬಳಿಗೆ ಬೇಡ. ಎಲ್ಲರ ಮುಂದೆ ಬದಲಾಯಿಸಿದ್ರಿ, ಓದೋದಿದ್ರೆ ಎಲ್ಲರ ಮುಂದೇನೇ ಓದಿ."

ಮಾರನೆಯ ದಿನವೇ ಓದಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಓದಲಿಲ್ಲ. ಮಾರನೆಯ ದಿನ ತಲೆನೋವು ಎಂದು ಗೇಟಿಗೆ ಬೀಗ ಹಾಕಿದೆ. ಅದರ ಮರುದಿನ ಹೊಸ ಪುಸ್ತಕದ್ದೇ ಒಂದು ಅಧ್ಯಾಯ ಮುಂದುವರಿಸಿದೆ. ಅವಳು ದಿನಾ ಬರುತ್ತಿದ್ದಳು, ಅದೇ ಕಂಬದ ಪಕ್ಕ ಕೂರುತ್ತಿದ್ದಳು, ನೆನಪಿಸುತ್ತಿರಲಿಲ್ಲ. ಒಂಬತ್ತೋ ಹತ್ತೋ ಸಲ ಕರೆಂಟ್ ಹೋಗಿ ಬಂದ ಮೇಲೆ ಒಂದು ಶುಕ್ರವಾರ ಆ ಹರಿದ ರಟ್ಟಿನ ಪುಸ್ತಕವನ್ನೇ ಹಿಡಿದು ಹೊರಗೆ ಬಂದೆ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಆ ಜಾಗ ಹುಡುಕಿದೆ. ಅರವತ್ತು ದಾಟಿದ ಹೆಂಗಸು, ಫಸ್ಟ್ ಸ್ಟ್ಯಾಂಡರ್ಡ್ ಮಗುವಿನ ಹಾಗೆ.

ಇದನ್ನು ಓದಿ ಆಗಿದೆಯಲ್ಲ ಎಂದರು ಯಾರೋ. ಕೊನೆ ತಪ್ಪಾಗಿ ಓದಿದ್ದೆ, ಈಗ ಸರಿಯಾಗಿ ಓದುತ್ತೇನೆ ಎಂದೆ. ಲೋಟ ತೊಳೆದಿಡುವಲ್ಲಿಂದ ಶುರು ಮಾಡಿ ಕೊನೆಯ ಫುಲ್‌ಸ್ಟಾಪ್‌ವರೆಗೂ ಓದಿದೆ. ಕರೆಂಟ್ ಆ ದಿನ ಬೇಗ ಬರಲಿಲ್ಲ.

ಎಳೆ ಹೊಸೆಯುತ್ತಿದ್ದ ಕೈಗಳೆಲ್ಲ ನಿಂತಿದ್ದವು. ಗಂಡನನ್ನು ಮಗ್ಗದ ಮುಂದೆ ನಿಲ್ಲಿಸುತ್ತೇನೆಂದಿದ್ದ ಆ ಹೆಂಗಸೇ ಕೇಳಿದಳು, "ಹಂಗಾದ್ರೆ ಆವತ್ತು ಓದಿದ್ದನ್ನ ಯಾರು ಬರ್ದಿದ್ದು?"

"ನಾನು" ಎಂದೆ.

ದೊಡ್ಡಕ್ಕ ಎದ್ದರು. ಬೈಯಲಿಲ್ಲ. ಒಬ್ಬೊಬ್ಬರ ತೊಡೆಯ ಮೇಲಿಂದಲೂ ಅರ್ಧ ಕಟ್ಟಿದ್ದ ಸೀರೆಗಳನ್ನು ಎತ್ತಿ ಮಡಿಸಿ ತಮ್ಮ ತೋಳಿನ ಮೇಲೆ ಹಾಕಿಕೊಂಡರು. ಮೂಲೆಮನೆಯವಳ ಸೀರೆಗೆ ಬಂದಾಗ ಅವಳು ತಾನೇ ಮಡಿಸಿ ಕೈಗೆ ಕೊಟ್ಟಳು. ಮಾರನೆಯ ದಿನದಿಂದ ಕುಚ್ಚಿನ ಕೆಲಸ ದೊಡ್ಡಕ್ಕನ ಮನೆಯ ಹಜಾರದಲ್ಲಿ. ಅಲ್ಲಿ ಬೆಳಕು ಸಾಲದು, ಎಲ್ಲರಿಗೂ ಗೊತ್ತಿತ್ತು. ಇಬ್ಬರು ಮಾತ್ರ ನನ್ನ ಜಗುಲಿಗೆ ಆಗೀಗ ಬರುತ್ತಿದ್ದರು, ಕೆಲಸ ತರದೆ, ಖಾಲಿ ಕೈಯಲ್ಲಿ. ಮತ್ತೆ ಕಾನ್ವೆಂಟಮ್ಮ ಆದೆ.

ಮೂಲೆಮನೆಯವಳು ತಕ್ಷಣ ಹೊರಟಳೆಂದು ಅಂದುಕೊಳ್ಳಬೇಡಿ. ಒಂದು ವರ್ಷ ಅಲ್ಲೇ ಇದ್ದಳು. ಬೀದಿಯಲ್ಲಿ ಸಿಕ್ಕರೆ ನಿಂತು ಮಾತಾಡುತ್ತಿದ್ದಳು, ಮಗಳ ಶಾಲೆಯದ್ದು, ನೀರಿನದ್ದು. ಮುಂದಿನ ಜೂನ್‌ನಲ್ಲಿ ಶಾಲೆ ತೆರೆಯುವ ವಾರ, ಬೆಳಿಗ್ಗೆ ಹತ್ತು ಗಂಟೆಗೆ, ಮಗ್ಗಗಳೆಲ್ಲ ನಡೆಯುತ್ತಿರುವಾಗ, ಮಗಳ ಕೈ ಹಿಡಿದು ಎರಡು ಬ್ಯಾಗಿನೊಂದಿಗೆ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದುಕೊಂಡು ಹೋದಳು. ಅವಳ ಗಂಡ ಮಗ್ಗದ ಮುಂದಿದ್ದ. ಯಾರೋ ಓಡಿ ಹೋಗಿ ಅವನಿಗೆ ಹೇಳುವಷ್ಟರಲ್ಲಿ ಬಸ್ಸು ಹತ್ತಿದ್ದಳಂತೆ. ಈ ಸಲ ಅವಳು ಯಾರನ್ನೂ ಕೇಳಿರಲಿಲ್ಲ, ನನ್ನನ್ನೂ. ನಾನು ಅಡುಗೆಮನೆಯಲ್ಲಿದ್ದೆ, ಅವಳು ಹೋದದ್ದು ನನಗೆ ಕಾಣಲೂ ಇಲ್ಲ.

ಬೀದಿ ನನ್ನನ್ನು ದೂರಿತು. ಪುಸ್ತಕ ಓದಿಸಿ ಸಂಸಾರ ಕೆಡಿಸಿದಳು ಎಂದರು. ನಾನು ಉತ್ತರ ಕೊಡಲಿಲ್ಲ. ಹೌದು ಎಂದರೆ ಅವಳು ಮಾಡಿದ್ದನ್ನು ನನ್ನ ಹೆಸರಿಗೆ ಬರೆದುಕೊಂಡಂತೆ. ಪುಸ್ತಕಗಳು ಹೆಂಗಸರನ್ನು ಕೆಡಿಸುತ್ತವೆ ಎನ್ನುವವರಿಗೂ ಉದ್ಧಾರ ಮಾಡುತ್ತವೆ ಎನ್ನುವವರಿಗೂ ನಾನು ಹೇಳಬಹುದಾದದ್ದು ಒಂದೇ. ನಮ್ಮ ಜಗುಲಿಯಲ್ಲಿ ಕೂತವಳು ಪುಸ್ತಕದಲ್ಲಿದ್ದವಳಿಗಿಂತ ಹೆಚ್ಚಾಗಿ ಅದನ್ನು ಓದುತ್ತಿದ್ದವಳನ್ನು ನೋಡುತ್ತಿದ್ದಳು.

ಅವಳನ್ನು ಕೊನೆಯ ಸಲ ನೋಡಿದ್ದು ಕಳೆದ ವರ್ಷ. ಕಣ್ಣಿನ ಆಪರೇಷನ್ ಆದ ಮೇಲೆ ಚೆಕಪ್‌ಗೆಂದು ಬೆಂಗಳೂರಿಗೆ ಹೋಗಿ ವಾಪಸ್ ಬರುತ್ತಿದ್ದೆ. ಬಾಶೆಟ್ಟಿಹಳ್ಳಿಯಲ್ಲಿ ಬಸ್ಸು ಕೆಟ್ಟು ಎಲ್ಲರನ್ನೂ ಇಳಿಸಿದರು. ಶಿಫ್ಟ್ ಬಿಟ್ಟ ಹೊತ್ತು. ನೂರಾರು ಹೆಂಗಸರು ರಸ್ತೆಗೆ ಬಂದಿದ್ದರು. ಅವಳೇ ನನ್ನನ್ನು ಗುರುತಿಸಿ ಹತ್ತಿರ ಬಂದಳು. ಕೊರಳಲ್ಲಿ ಕಾರ್ಡು, ಕೈಯಲ್ಲಿ ಒಂದು ಕಟ್ಟು ದಂಟಿನ ಸೊಪ್ಪು. ತಲೆಗೂದಲು ನೆರೆತಿತ್ತು. ಕಪ್ಪು ಕನ್ನಡಕ ನೋಡಿ, ಸಿನಿಮಾದೋರ ಥರ ಇದ್ದೀರಿ ಎಂದು ತಮಾಷೆ ಮಾಡಿದಳು. ಮಗಳು ನರ್ಸಿಂಗ್ ಓದುತ್ತಿದ್ದಾಳಂತೆ, ನೆಲಮಂಗಲದಲ್ಲಿ ಹಾಸ್ಟೆಲ್. ಬೆನ್ನು ನೋವು ಬಿಡುವುದಿಲ್ಲವಂತೆ. ಗಂಡ ಹಬ್ಬಕ್ಕೊಮ್ಮೆ ಬಂದು ಮಗಳನ್ನು ನೋಡಿ ಹೋಗುತ್ತಾನಂತೆ.

ಇಲ್ಲಿ ನೆಮ್ಮದಿಯಾಗಿದ್ದೀಯಾ ಎಂದು ಕೇಳಿದೆ.

"ಇಲ್ಲೂ ಮಾತಾಡ್ತಾರೆ ಅಮ್ಮಾ. ಮನೆ ಓನರಮ್ಮ ಯಾರು ಬಂದ್ರು, ಯಾರು ಹೋದ್ರು ಅಂತ ಕೇಳ್ತಾಳೆ. ಒಂದೊಂದ್ಸಲ ಹೇಳ್ತೀನಿ, ಒಂದೊಂದ್ಸಲ ಹೇಳಲ್ಲ."

ಮಗಳು ಪಾಠ ಹೇಳಿಕೊಟ್ಟು ಈಗ ತನಗೂ ಓದಲು ಬರುತ್ತದೆ ಎಂದಳು, ಸ್ಪೀಡ್ ಇಲ್ಲ ಅಷ್ಟೇ. ಆ ಪುಸ್ತಕ ಬೇಕಾ, ಕೊಟ್ಟು ಕಳಿಸಲಾ ಎಂದೆ. ಅವಳು ಸ್ವಲ್ಪ ಯೋಚಿಸಿ, ಬೇಡ, ಅದು ಕೇಳಿದ್ದೇನೆ, ಬೇರೆ ಯಾವುದಾದರೂ ಇದ್ದರೆ ಕೊಡಿ ಎಂದಳು. ಫೋನ್ ನಂಬರ್ ಬರೆದುಕೊಡಲು ನಾನು ಬ್ಯಾಗಿನಲ್ಲಿ ಪೆನ್ನು ಹುಡುಕುತ್ತಿದ್ದೆ. ಅಷ್ಟರಲ್ಲಿ ಅವಳ ಬಸ್ಸು ಬಂತು. ಮುಂದಿನ ಸಲ ಎನ್ನುತ್ತಾ ಓಡಿದಳು. ಸೀಟು ಸಿಗಲಿಲ್ಲ. ಸೊಪ್ಪಿನ ಕಟ್ಟನ್ನು ಕಂಕುಳಿಗೆ ಸಿಕ್ಕಿಸಿ, ಮೇಲಿನ ಕಂಬಿ ಹಿಡಿದು, ಪಕ್ಕದವಳು ಅಂದ ಯಾವುದಕ್ಕೋ ನಗುತ್ತಾ, ನಿಂತುಕೊಂಡೇ ಹೋದಳು.